ನಮ್ಮೂರ ಹೊಳೆಯೂ ಬೃಂದಾವನದ ತೋಟವೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದೂ, ಅದು ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಡು ಸಂತೋಷಪಟ್ಟ ರಮ್ಯ ಸ್ಥಳವೊಂದರ ವರ್ಣನೆಯಾಗಿದ್ದರೆ ಒಳ್ಳೆಯದೆಂದೂ ಸಂಪಾದಕಿಯವರು ನನಗೆ ಬರೆದಿದ್ದರು. ಪತ್ರವನ್ನು ಓದಿದೊಡನೆಯೇ ಬೃಂದಾವನದ ತೋಟವು ನನ್ನ ಕಣ್ಣ ಮುಂದೆ ಬಂದು ನಿಂತಿತು. ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಉಪಾಧ್ಯಾಯಿನಿಯವರು ವಿದ್ಯಾರ್ಥಿನಿಲಯದ ಹುಡುಗಿಯರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಬುತ್ತಿಯ ಚಿತ್ರಾನ್ನವನ್ನು ಹುಲ್ಲಿನ ಮೇಲೆ ಕುಳಿತು ತಿಂದುದೂ, ದೀಪಗಳು ಹೊತ್ತಿದಾಗ ನಾವೆಲ್ಲರೂ ಒಮ್ಮೆಲೇ ಕೂಗಿಕೊಂಡುದೂ, ಕೂಗಿದುದಕ್ಕಾಗಿ ಗದರಿಸಿಕೊಂಡುದೂ ನನಗೆ ಇಂದಿಗೂ ನೆನಪಿವೆ. ಅದನ್ನೇ ಬರೆಯೋಣವೆಂದು ಕಾಗದವನ್ನು ತೆಗೆದುಕೊಂಡು ಕುಳಿತೆನು. ಆದರೆ ಕಳೆದ ವರ್ಷ ದಸರೆಯ ರಜೆಯಲ್ಲಿ ಅದೇ ತೋಟದಲ್ಲಿ ನನ್ನ ದೊಡ್ಡಮ್ಮನವರು ಕೇಳಿದ ಒಂದು ಪ್ರಶ್ನೆಯು ನನ್ನ ಲೇಖನಿಯನ್ನು ಬೇರೆ ಕಡೆಗೆ ತಿರುಗಿಸಿತು. ಆದುದರಿಂದ ನಾನು ಬರೆಯುವುದು ತೋಟದ ವರ್ಣನೆಗಿಂತ ಹೆಚ್ಚಾಗಿ ನಮ್ಮೂರ ಹೊಳೆಯ ಸಮಾಚಾರವಾಗಿರುವುದು. ಸಂಪಾದಕಿಯವರೂ ನನ್ನ ಪ್ರಿಯ ತಂಗಿಯರೂ ಕ್ಷಮಿಸಬೇಕು.

ನಮ್ಮೂರು ಹುಣಸೂರು, ಮೈಸೂರಿಗೆ ಪಶ್ಚಿಮದಲ್ಲಿ ಸುಮಾರು 45 ಕಿಲೋಮೀಟರ್ ದೂರದಲ್ಲಿದೆ. ಊರನ್ನು ಸೇರಿ ಹರಿಯುವ ನದಿಯ ಹೆಸರು ಲಕ್ಷ್ಮಣತೀರ್ಥ. ಆದರೆ ನಾವು ಚಿಕ್ಕವರಿದ್ದಾಗ ಆ ದೊಡ್ಡ ಹೆಸರನ್ನು ಯಾರ ಬಾಯಿಂದಲೂ ಕೇಳಲಿಲ್ಲ. 'ಹೊಳೆ' ಎಂದರೆ ಸಾಕಾಗಿತ್ತು. ಕೊಡಗಿನ ದಕ್ಷಿಣದಲ್ಲಿರುವ ಬ್ರಹ್ಮಗಿರಿಯ ಸಾಲಿನಲ್ಲಿ ಇದು ಹುಟ್ಟುವುದು. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿಕೆಯಾಗಲು, ಲಕ್ಷ್ಮಣನು ಬೆಟ್ಟಕ್ಕೆ ಬಾಣವನ್ನು ಬಿಟ್ಟು ನೀರನ್ನು ತರಿಸಿದನೆಂದು ಹಿರಿಯರು ಹೇಳುವರು. ಇರ್ಪು ಎಂಬಲ್ಲಿ ಅದು ಬಂಡೆಗಳ ಮೇಲಿಂದ ಧುಮ್ಮಿಕ್ಕುವುದು. ಅಲ್ಲಿ ರಾಮೇಶ್ವರನ ಗುಡಿಯಿದೆ. ಶಿವರಾತ್ರಿಯಂದು ಬಹು ಜನರು ಕೂಡುವರು. ಅಲ್ಲಿಂದ ಕಾಫಿಯ ತೋಟಗಳನ್ನೂ ಕಾಡಿನ ಅಂಚನ್ನೂ ದಾಟಿ, ನಮ್ಮ ತಾಲ್ಲೂಕಿನ ಹನಗೋಡಿನಲ್ಲಿ ಹಳೆಯ ಕಾಲದ ಒಂದು ಅಣೆಕಟ್ಟನ್ನು ಹಾಯ್ದು, ಹುಣಸೂರಿನ ಪೇಟೆಗೆ ಬರುವುದು. ಆಮೇಲೆ ಈಶಾನ್ಯ ದಿಕ್ಕಿಗೆ ಹರಿದು, ಸಾಗರಕಟ್ಟೆಯ ಕಡೆಯಲ್ಲಿ ಕೃಷ್ಣರಾಜಸಾಗರದ ಹಿನ್ನೀರನ್ನು ಸೇರಿ, ಕಾವೇರಿಯಾಗಿ ಹೋಗುವುದು. ಇದರ ಈ ಕೊನೆಯ ಪ್ರಯಾಣವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಕೆಲಸವಿದೆ.

ಊರಿಗೂ ಹೊಳೆಗೂ ಇದ್ದ ನಂಟು ಬಹಳ ಹಳೆಯದು. ಮೈಸೂರಿನ ಅರಸರು ಸಾಕಿ ಬೆಳೆಸಿದ ಹೆಸರಾಂತ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತ ಮಹಲ್ ಎಂದು ಹೆಸರಿಟ್ಟನು. 19ನೆಯ ಶತಮಾನದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಫಿರಂಗಿಗಳನ್ನೆಳೆಯುವ ಎತ್ತುಗಳನ್ನು ಒದಗಿಸುತ್ತಿದ್ದ ಆ ಇಲಾಖೆಯ ಮುಖ್ಯ ಠಾಣ್ಯವು ಹುಣಸೂರಿನಲ್ಲಿದ್ದಿತು. ಸೈನಿಕರಿಗೆ ಬೇಕಾದ ಚರ್ಮದ ಸಾಮಾನು, ಕಂಬಳಿ ಮುಂತಾದುವುಗಳನ್ನು ಮಾಡುವ ಕಾರ್ಖಾನೆಗಳೂ ಇಲ್ಲಿದ್ದುವು. ಚರ್ಮವನ್ನು ಹದಮಾಡುವುದಕ್ಕೂ ಉಣ್ಣೆಯನ್ನು ತೊಳೆಯುವುದಕ್ಕೂ ಹೇರಳವಾದ ನೀರು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ನಮ್ಮ ಹೊಳೆಯು ಒಂದಾನೊಂದು ಕಾಲದಲ್ಲಿ ಕೊಳೆಯನ್ನೇ ಕಾಣದ ತಪೋವನದ ತೊರೆಯಾಗಿತ್ತೆಂದು ನಾನು ಹೇಳಲಾರೆ. ಅದು ದುಡಿಯುವ ಊರಿನ ದುಡಿಯುವ ಹೊಳೆ. ಆದರೆ ಅದರ ದುಡಿಮೆಯನ್ನು ಊರಿನವರು ಪ್ರತಿದಿನವೂ ಕಣ್ಣಾರೆ ನೋಡುತ್ತಿದ್ದರು.

ನನ್ನ ತಾಯಿಯವರು ನಾನು ಚಿಕ್ಕವಳಾಗಿರುವಾಗಲೇ ಕಾಹಿಲೆಯಿಂದ ಹಾಸಿಗೆ ಹಿಡಿದುದರಿಂದ ನನ್ನನ್ನು ಸಾಕಿದವರು ಅವರ ಅಕ್ಕನಾದ ನನ್ನ ದೊಡ್ಡಮ್ಮನವರು. ವಾರಕ್ಕೆರಡು ಸಲ ಅವರು ಬಟ್ಟೆಯ ಗಂಟನ್ನು ಸೊಂಟದ ಮೇಲಿಟ್ಟುಕೊಂಡು ಹೊಳೆಗೆ ಹೊರಡುವರು. ನಾನು ಅಂಟುವಾಳಕಾಯಿಯ ಪಾತ್ರೆಯನ್ನು ಹಿಡಿದು ಹಿಂದೆ ಹೋಗುವೆನು. ದಡದಲ್ಲಿ ಒಂದು ಅಗಲವಾದ ಕಲ್ಲಿದ್ದಿತು. ಅದಕ್ಕೆ ಯಾರ ಹೆಸರೂ ಇಲ್ಲದಿದ್ದರೂ ಅದು ದೊಡ್ಡಮ್ಮನವರ ಕಲ್ಲೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಬೇಸಗೆಯಲ್ಲಿ ಹೊಳೆಯು ಬಹಳ ಬಡವಾಗುವುದು. ಒಂದು ಕಡೆ ಕಾಲುವೆಯಂತೆ ನೀರು, ಮಿಕ್ಕುದೆಲ್ಲ ಮರಳು. ಆಗ ಹೆಂಗಸರು ಮರಳನ್ನು ಕೈಯಿಂದ ತೋಡಿ ಒರತೆಯನ್ನು ಮಾಡುವರು. ಮೊದಲು ಬಂದ ಕದಡಿದ ನೀರನ್ನು ಚೆಂಬಿನಿಂದ ಮೊಗೆದು ಚೆಲ್ಲಿ, ತಿಳಿಯಾಗುವ ತನಕ ಕಾದು ಕುಳಿತು, ಆಮೇಲೆ ಬಿಂದಿಗೆಗೆ ತುಂಬುವರು. "ಬಟ್ಟೆ ಒಗೆಯುವುದು ಕೆಳಗೆ, ಕುಡಿಯುವ ನೀರು ಮೇಲೆ" ಎಂಬ ಕಟ್ಟಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಮುರಿದವರಿಗೆ ಮಾತ್ರ ಹತ್ತು ಮಂದಿಯ ಬಾಯಿಂದ ಒಟ್ಟಿಗೆ ಪಾಠವಾಗುತ್ತಿತ್ತು. ಆಷಾಢದಲ್ಲಿ ಕೊಡಗಿನ ಮಳೆಯ ನೀರು ಕೆಂಪಗೆ ಬಂದಾಗ ಒಗೆಯುವ ಕಲ್ಲು ಮುಳುಗುವುದು. ಆಗ ನಾವು ಹುಡುಗಿಯರು ದಡದ ಮೇಲೆ ನಿಂತು, ತೇಲಿ ಬರುವ ಮರದ ಕೊಂಬೆಗಳನ್ನು ಎಣಿಸುತ್ತಿದ್ದೆವು. ನಮಗೆ ಆ ದಡವೇ ತೋಟ, ಅದೇ ವಿಹಾರಸ್ಥಾನ.

ಮುಂದೆ ನಾನು ಶಾಲೆಗೂ, ತರಬೇತಿಗೂ, ಉಪಾಧ್ಯಾಯಿನಿಯ ವೃತ್ತಿಗೂ ಊರನ್ನು ಬಿಟ್ಟು ಹೋದೆನು. ಅನೇಕ ವರ್ಷಗಳ ಮೇಲೆ ನಿವೃತ್ತಳಾಗಿ ಹಿಂದಿರುಗಿ, ಹಳೆಯ ಮನೆಯನ್ನು ಕಟ್ಟಿಸಿಕೊಂಡು, ದೊಡ್ಡಮ್ಮನವರನ್ನು ನನ್ನ ಬಳಿಯಲ್ಲಿಯೇ ಇಟ್ಟುಕೊಂಡೆನು. ಈಗ ಅವರಿಗೆ 86 ವರ್ಷ. ಕಣ್ಣಿನ ದೃಷ್ಟಿ ಮಂದವಾಗಿದೆ; ಬೆಳಕು ನೆರಳುಗಳು ಮಾತ್ರ ತಿಳಿಯುತ್ತವೆ. ಕಿವಿಯೂ ಮೂಗೂ ಮಾತ್ರ ನನ್ನವುಗಳಿಗಿಂತ ಚುರುಕಾಗಿವೆ. ಒಂದು ದಿನ ಅವರು, "ಮಗು, ನನ್ನನ್ನು ಒಂದು ಸಲ ಹೊಳೆಗೆ ಕರೆದುಕೊಂಡು ಹೋಗು. ನನ್ನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬರುತ್ತೇನೆ" ಎಂದರು.

ನಾನು, "ಈಗ ಬಿಸಿಲು, ದೊಡ್ಡಮ್ಮ" ಎಂದೆನು. ಮತ್ತೊಂದು ವಾರ ಕೇಳಿದಾಗ "ಕೆಸರು" ಎಂದೆನು; ಮೂರನೆಯ ಸಲ "ಮೆಟ್ಟಿಲುಗಳು ಜಾರುತ್ತವೆ" ಎಂದೆನು. ಈ ಮೂರೂ ಸುಳ್ಳಲ್ಲ. ಆದರೆ ಮೂರೂ ನಿಜವಾದ ಕಾರಣವಲ್ಲ. ಹೆದ್ದಾರಿಯ ಸೇತುವೆಯ ಮೇಲೆ ಹೋಗುವಾಗ ನಾನೇ ಸೀರೆಯ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದೆನು. ಊರಿನ ಚರಂಡಿಗಳೆಲ್ಲ ಹೊಳೆಗೆ ಇಳಿಯುತ್ತವೆ. ಕಸದ ಚೀಲಗಳು ದಡದ ಪೊದೆಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಕಣ್ಣು ಕಾಣದ ಮುದುಕಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮೂಗಿನಿಂದ ಅದನ್ನು ತಿಳಿಯುವಂತೆ ಮಾಡುವುದು ಹೇಗೆ? ಅವರ ಮನಸ್ಸಿನಲ್ಲಿದ್ದ ಹೊಳೆಯಾದರೂ ಚೆನ್ನಾಗಿರಲಿ ಎಂದು ನಾನು ಸುಮ್ಮನಿದ್ದೆನು. ಅದನ್ನು ದಯೆಯೆಂದೂ ಎಣಿಸಿಕೊಂಡೆನು.

ಹೀಗಿರಲು ದಸರೆಯ ರಜೆಗೆಂದು ಬೆಂಗಳೂರಿನಿಂದ ನನ್ನ ಮಗನೂ ಸೊಸೆಯೂ ಹತ್ತು ವರ್ಷದ ಮೊಮ್ಮಗಳೂ ಬಂದರು. ಎಲ್ಲರೂ ಒಂದು ದಿನ ಬೃಂದಾವನಕ್ಕೆ ಹೋಗೋಣವೆಂದು ನಾನೇ ಸೂಚಿಸಿದೆನು. ದೊಡ್ಡಮ್ಮನವರಿಗೆ ನೀರಿನ ಆಸೆಯಿದ್ದರೆ ಅಲ್ಲಿ ಬೇಕಾದಷ್ಟು ಒಳ್ಳೆಯ ನೀರಿದೆಯೆಂದು ನನ್ನ ಲೆಕ್ಕಾಚಾರ.

ಆ ಸ್ಥಳವನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯ ಕೆಲಸವು ಮುಗಿಯಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದುವು. ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕಾಗಿ ಪಟ್ಟ ಶ್ರಮವನ್ನು ನಾವು ಪಾಠಪುಸ್ತಕಗಳಲ್ಲಿ ಓದಿರುವೆವು. ಸಿಮೆಂಟಿನ ಬದಲಿಗೆ ಸುರ್ಕಿಯ ಗಾರೆಯಿಂದ ಕಟ್ಟಿದ ಆ ಗೋಡೆಯ ಹಿಂದೆ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಈ ಮೂರು ನದಿಗಳ ನೀರು ನಿಂತಿದೆ. ಜಲಾಶಯದ ಪೂರ್ಣ ಮಟ್ಟ 124.80 ಅಡಿ. ಹಳೆಯ ಕನ್ನಂಬಾಡಿಯೇ ಮೊದಲಾದ ಊರುಗಳು ಅದರೊಳಗೆ ಮುಳುಗಿದುವು. ಕಟ್ಟೆಯ ಅಡಿಯಲ್ಲಿ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್‌ರವರು ಕಾಶ್ಮೀರದ ಶಾಲಿಮಾರ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉದ್ಯಾನವನ್ನು ಮಾಡಿಸಿದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಸುರು, ನಡುವೆ ಕಾಲುವೆಗಳು, ಎರಡೂ ಕಡೆ ಕತ್ತರಿಸಿ ಬೆಳೆಸಿದ ಗಿಡಗಳು, ಸಾಲು ಸಾಲಾಗಿ ಚಿಮ್ಮುವ ಕಾರಂಜಿಗಳು. ಕಲ್ಲಿನ ಕಾವೇರಿಯು ಕೈಯಲ್ಲಿ ಹಿಡಿದ ಕೊಡದಿಂದ ನೀರನ್ನು ಸುರಿಯುತ್ತ ನಿಂತಿದ್ದಾಳೆ. ಸಂಜೆಯಾಗಿ ದೀಪಗಳು ಹೊತ್ತಿದಾಗ ನಾನು ಎಂಟನೆಯ ತರಗತಿಯ ಹುಡುಗಿಯಂತೆಯೇ ಮತ್ತೊಮ್ಮೆ ಕೂಗಿಕೊಂಡೆನು; ಈ ಸಲ ಗದರಿಸುವವರು ಯಾರೂ ಇರಲಿಲ್ಲ.

ಮಗನೂ ಸೊಸೆಯೂ ಸಂಗೀತದ ಕಾರಂಜಿಯ ಕಡೆಗೆ ಹೊರಟರು. ಮೊಮ್ಮಗಳು ಏತಕ್ಕೋ ನಮ್ಮ ಜೊತೆಯಲ್ಲಿಯೇ ಉಳಿದಳು. ದೊಡ್ಡಮ್ಮನವರನ್ನು ಒಂದು ಕಾಲುವೆಯ ಬದಿಯ ಕಲ್ಲಿನ ಮೇಲೆ ಕುಳ್ಳಿರಿಸಿದೆನು. ನಾನು ಬಣ್ಣಗಳನ್ನು ವರ್ಣಿಸಿದೆನು. ಅವರು ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಬಗ್ಗಿ, ಕೈಯನ್ನು ನೀರಿನಲ್ಲಿ ಅದ್ದಿ, "ಇದು ಎಲ್ಲಿಯ ನೀರು?" ಎಂದು ಕೇಳಿದರು.

"ಕಾವೇರಿಯ ನೀರು, ದೊಡ್ಡಮ್ಮ."

"ಬರೀ ಕಾವೇರಿಯದೇ?"

"ಅಲ್ಲ, ಹೇಮಾವತಿಯದೂ ಇದೆ. ನಮ್ಮ ಹೊಳೆಯೂ ಇಲ್ಲಿಗೇ ಬಂದು ಸೇರುತ್ತದೆ."

ದೊಡ್ಡಮ್ಮನವರ ಮುಖವು ಅರಳಿತು. "ಹಾಗಾದರೆ ನೀನು ನನ್ನನ್ನು ಹೊಳೆಗೆ ಕರೆತಂದ ಹಾಗೆಯೇ ಆಯಿತು" ಎಂದು ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಕೈಯನ್ನು ಮೂಗಿನ ಬಳಿಗೆ ತಂದು ನೋಡಿ, ನಿಧಾನವಾಗಿ, "ನೀನು ಬಿಸಿಲು ಕೆಸರು ಎಂದು ಹೇಳುತ್ತಿದ್ದೆಯಲ್ಲ, ನನಗೆ ಗೊತ್ತು ಮಗು. ಗಾಳಿ ತಿರುಗಿದ ದಿನ ಮನೆಯವರೆಗೂ ನಾತ ಬರುತ್ತದೆ. ಅಲ್ಲಿ ಹಾಗೆ ಬಿಟ್ಟ ನೀರನ್ನು ಇಲ್ಲಿ ಬಣ್ಣ ಹಾಕಿ ನೋಡುತ್ತೀರಾ?" ಎಂದರು.

ನಾನು ಏನು ಹೇಳಲಿ? ಅಷ್ಟು ದೊಡ್ಡ ಸಾಗರದಲ್ಲಿ ನಮ್ಮೂರ ನೀರು ಎಷ್ಟರದು, ದಾರಿಯಲ್ಲಿ ಅದು ತಿಳಿಯಾಗುವುದು ಎಂದು ಏನೇನೋ ಹೇಳಿದೆನು. ಅಷ್ಟರಲ್ಲಿ ಮೊಮ್ಮಗಳು, "ಅಜ್ಜಿ, ಬೆಂಗಳೂರಿನಲ್ಲಿ ನಮ್ಮ ಮನೆಯ ನಲ್ಲಿಗೆ ಬರುವುದೂ ಕಾವೇರಿ ನೀರೇ ಅಲ್ಲವೇ?" ಎಂದು ಕೇಳಿದಳು. ಅದೂ ನಿಜ. ಈ ಕಟ್ಟೆಯಿಂದ ಕೆಳಗೆ ಹರಿದ ನೀರನ್ನು ಶಿವಾ ಅಣೆಕಟ್ಟಿನ ಬಳಿ ತಿರುಗಿಸಿ, ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, 1974ರಿಂದ ಬೆಂಗಳೂರಿಗೆ ಯಂತ್ರಗಳಿಂದ ಏರಿಸುತ್ತಿದ್ದಾರೆ. ಮೈಸೂರಿನ ನಲ್ಲಿಗಳಿಗೂ ಇಲ್ಲಿಯ ನೀರೇ ಹೋಗುವುದು. "ಹೌದು" ಎಂದೆನು. ಕಾರಂಜಿಯು ಆಗ ನೀಲಿಯಿಂದ ಕೆಂಪಿಗೆ ತಿರುಗಿತು. ನನಗೆ ಅದನ್ನು ನೋಡುವ ಆಸೆಯು ಹೋಗಿದ್ದಿತು.

ಮರುದಿನ ಬೆಳಿಗ್ಗೆ ನಾನು ಒಂದು ಕೆಲಸವನ್ನು ಮಾಡಿದೆನು. ನಮ್ಮ ಮನೆಯ ಹಿತ್ತಲಿನಿಂದ ಹೊರಡುವ ಕೊಳವೆಯು ಎಲ್ಲಿಗೆ ಹೋಗುವುದೆಂದು ಹಿಂಬಾಲಿಸಿ ನಡೆದೆನು. ಈ ಮನೆಯಲ್ಲಿ ನಾನು ಹುಟ್ಟಿ ಬೆಳೆದಿದ್ದರೂ ಅಂದಿನವರೆಗೆ ಆ ದಾರಿಯನ್ನು ಒಮ್ಮೆಯೂ ನಡೆದಿರಲಿಲ್ಲ. ಕೊಳವೆಯು ಬೀದಿಯ ಚರಂಡಿಗೆ ಬಿದ್ದಿತು. ಆ ಚರಂಡಿಯು ಮೂಲೆಯಲ್ಲಿ ತಿರುಗಿ ಇನ್ನೊಂದನ್ನು ಕೂಡಿತು. ಅದು ಎರಡು ಮನೆಗಳ ನಡುವೆ ನುಸುಳಿ, ಮೂರನೆಯದೊಂದನ್ನು ಕೂಡಿಕೊಂಡು ದೊಡ್ಡದಾಯಿತು. ನದಿಗೆ ಉಪನದಿಗಳು ಸೇರುವಂತೆ ಇದಕ್ಕೂ ಸೇರುತ್ತಿದ್ದುವು. ಕಾಲು ಗಂಟೆಯೊಳಗೆ ನಾನು ಹೊಳೆಯ ದಡದಲ್ಲಿ ನಿಂತಿದ್ದೆನು. ಕಪ್ಪು ನೀರು ಒಂದು ಇಳಿಜಾರಿನಲ್ಲಿ ಇಳಿದು, ಹೊಳೆಯ ಕಂದು ನೀರಿನಲ್ಲಿ ಸ್ವಲ್ಪ ದೂರ ಬೇರೆಯಾಗಿಯೇ ಹರಿದು, ಆಮೇಲೆ ಕಲೆತು ಕಾಣದಂತಾಗುತ್ತಿತ್ತು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಹಳೆಯ ಮನೆಯ ಹಿತ್ತಲಿನಲ್ಲಿ ಆರು ಬಾಳೆಯ ಬುಡಗಳೂ ಒಂದು ಕೆಸುವಿನ ಮಡಿಯೂ ಇದ್ದುವು. ಬಚ್ಚಲ ನೀರೂ ಪಾತ್ರೆ ತೊಳೆದ ನೀರೂ ಅಲ್ಲಿಯೇ ಇಂಗಿಹೋಗುತ್ತಿತ್ತು. ನಮ್ಮ ಮನೆಯ ಒಂದು ಹನಿ ಬಚ್ಚಲ ನೀರೂ ಹಿತ್ತಲ ಬೇಲಿಯನ್ನು ದಾಟುತ್ತಿರಲಿಲ್ಲ. ಮನೆಯನ್ನು ಹೊಸದಾಗಿ ಕಟ್ಟಿಸುವಾಗ ಮಗನ ಕಾರನ್ನು ನಿಲ್ಲಿಸುವುದಕ್ಕೆಂದು ನಾನೇ ಬಾಳೆಗಳನ್ನು ಕಡಿಸಿ, ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿದೆನು. ನೀರಿಗೆ ಹೋಗಲು ಎಡೆಯಿಲ್ಲದೆ, ಅದನ್ನು ಕೊಳವೆಯಿಂದ ಬೀದಿಯ ಚರಂಡಿಗೆ ಬಿಡಿಸಿದೆನು. ಶೌಚದ ಗುಂಡಿಯು ತುಂಬಿದರೆ ತೊಂದರೆಯೆಂದು ಗಾರೆಯವನು, "ಅಮ್ಮಾ, ಮೇಲಿನ ನೀರನ್ನೂ ಇದಕ್ಕೇ ಸೇರಿಸಿಬಿಡಲೇ?" ಎಂದು ಕೇಳಿದನು. "ಎಲ್ಲರೂ ಹೇಗೆ ಮಾಡುತ್ತಾರೋ ಹಾಗೆ ಮಾಡಪ್ಪ" ಎಂದು ನಾನು ಹೇಳಿದೆನು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಆರೋಗ್ಯಶಾಸ್ತ್ರದ ಪಾಠವನ್ನು ಹೇಳಿಕೊಟ್ಟವಳ ಉತ್ತರವಿದು! ಸೇತುವೆಯ ಮೇಲೆ ನಾನು ಸೆರಗನ್ನು ಮೂಗಿಗೆ ಹಿಡಿದುದು ನನ್ನ ಮನೆಯ ನಾತಕ್ಕೇ ಎಂಬುದು ಆ ಬೆಳಿಗ್ಗೆ ನನಗೆ ತಿಳಿಯಿತು.

ಮನೆಗೆ ಬಂದು ದೊಡ್ಡಮ್ಮನವರಿಗೆ ಎಲ್ಲವನ್ನೂ ಹೇಳಿದೆನು. ಅವರು ಬಯ್ಯಲಿಲ್ಲ. "ಬಾಳೆ ಕಡಿದ ದಿನವೇ ನನಗೆ ಅನ್ನಿಸಿತು, ಹೊಸ ಮನೆಯ ಉತ್ಸಾಹದಲ್ಲಿದ್ದೆ, ಯಾಕೆ ಹೇಳಲಿ ಎಂದುಕೊಂಡೆ" ಎಂದಷ್ಟೆ ಹೇಳಿದರು. ಅವರು ನನ್ನ ಸಂತೋಷವನ್ನು ಕೆಡಿಸಬಾರದೆಂದು ಸುಮ್ಮನಿದ್ದರು. ನಾನು ಅವರ ನೆನಪನ್ನು ಕೆಡಿಸಬಾರದೆಂದು ಸುಮ್ಮನಿದ್ದೆನು. ಇಬ್ಬರ ದಾಕ್ಷಿಣ್ಯದ ನಡುವೆ ಹೊಳೆಯು ಕೆಟ್ಟಿತು.

ಆ ದಿನ ಮಧ್ಯಾಹ್ನ ನಾನೂ ಮಗನೂ ಮೊಮ್ಮಗಳೂ ದೊಡ್ಡಮ್ಮನವರನ್ನು ಹನಗೋಡಿಗೆ ಕರೆದುಕೊಂಡು ಹೋದೆವು. ಅಲ್ಲಿ ಹೊಳೆಯು ಇನ್ನೂ ಊರನ್ನು ಕಂಡಿಲ್ಲ. ಮಳೆಗಾಲ ಕಳೆದ ಹೊಸತು. ಅಣೆಕಟ್ಟಿನ ಮೇಲಿಂದ ನೀರು ಉದ್ದಕ್ಕೂ ಬಿಳಿಯ ಪಂಚೆಯನ್ನು ಹರವಿದಂತೆ ಬೀಳುತ್ತಿತ್ತು. ದಡದಲ್ಲಿ ಹೊಂಗೆಯ ಮರಗಳು, ಕೊಕ್ಕರೆಗಳು, ದೂರದಲ್ಲಿ ದನಗಳಿಗೆ ಮೈ ತೊಳೆಯುತ್ತಿದ್ದ ಒಬ್ಬ ಹುಡುಗ. ಟಿಕೆಟ್ಟಿಲ್ಲ, ಬಣ್ಣದ ದೀಪವಿಲ್ಲ. ದೊಡ್ಡಮ್ಮನವರು ಬಂಡೆಯ ಮೇಲೆ ಕುಳಿತು ಕಾಲುಗಳನ್ನು ನೀರಿನಲ್ಲಿ ಇಳಿಬಿಟ್ಟು, ಬಹಳ ಹೊತ್ತು ಮಾತನಾಡದೆ ಇದ್ದರು. ಏಳುವಾಗ ಒಂದು ಬೊಗಸೆ ನೀರನ್ನು ಮುಖಕ್ಕೆ ಚಿಮುಕಿಸಿಕೊಂಡು, "ಇದೇ, ಇದೇ ಅದು" ಎಂದರು. ಆಮೇಲೆ, "ಈಗ ನನ್ನ ಕಲ್ಲಿನ ಬಳಿಗೆ ಕರೆದುಕೊಂಡು ಹೋಗು. ಚೆನ್ನಾಗಿರುವಾಗ ಬಂದೆ, ಕೆಟ್ಟಾಗ ಬಾರದಿದ್ದರೆ ಹೇಗೆ? ಕಾಹಿಲೆಯವರನ್ನು ನೋಡಲು ಹೋಗುವುದಿಲ್ಲವೇ?" ಎಂದರು.

ಸಂಜೆ ಅವರನ್ನು ಊರಿನ ದಡಕ್ಕೆ ಕರೆತಂದೆನು. ಅವರ ಕಲ್ಲು ಸಿಕ್ಕಲಿಲ್ಲ. 2019ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಸುರಿದ ಭಾರಿ ಮಳೆಗೆ ಹೊಳೆಯು ದಡವನ್ನು ಮೀರಿ ಬಂದಾಗ ಅದು ಹೂತುಹೋಯಿತೋ, ಅದಕ್ಕೆ ಮುಂಚೆಯೇ ಕಸದ ಅಡಿಯಲ್ಲಿ ಮುಚ್ಚಿಹೋಯಿತೋ ಹೇಳಲಾರೆ. ದೊಡ್ಡಮ್ಮನವರು ಕೋಲಿನಿಂದ ಅಲ್ಲಲ್ಲಿ ತಟ್ಟಿ ನೋಡಿದರು. ಎಲ್ಲಿಯೂ ಕಲ್ಲಿನ ಸದ್ದು ಬರಲಿಲ್ಲ. ಅವರು ಮೂಗನ್ನು ಮುಚ್ಚಿಕೊಳ್ಳಲಿಲ್ಲ. ಅದನ್ನು ನೋಡಿ ನಾನೂ ಸೆರಗನ್ನು ಕೆಳಗೆ ಬಿಟ್ಟೆನು.

ಹಿಂದಿರುಗುವಾಗ ಮೊಮ್ಮಗಳು, "ಇಲ್ಲಿಯೂ ಬೃಂದಾವನದ ಹಾಗೆ ಒಂದು ಪಾರ್ಕು ಮಾಡಿಬಿಟ್ಟರೆ ಆಯಿತಲ್ಲವೇ, ಅಜ್ಜಿ?" ಎಂದಳು. ಅವಳಿಗೆ ನಾನು ಲಂಡನ್ ಪಟ್ಟಣದ ಕಥೆಯನ್ನು ಹೇಳಿದೆನು. ಆ ಪಟ್ಟಣದ ಕೊಳೆಯೆಲ್ಲ ಥೇಮ್ಸ್ ನದಿಗೆ ಬಿದ್ದು, 1858ರ ಬೇಸಗೆಯಲ್ಲಿ ಎದ್ದ ದುರ್ಗಂಧವನ್ನು ತಾಳಲಾರದೆ ದಡದ ಪಾರ್ಲಿಮೆಂಟ್ ಭವನದ ಕಿಟಕಿಗಳಿಗೆ ಸುಣ್ಣದ ಔಷಧದಲ್ಲಿ ಅದ್ದಿದ ಪರದೆಗಳನ್ನು ಕಟ್ಟಿದರು. ಅದಕ್ಕೆ ಮುಂಚೆ ಸಾವಿರಾರು ಬಡವರು ಕಾಲರಾ ಬೇನೆಯಿಂದ ಸತ್ತಾಗ ಆಗದ ಕೆಲಸವು ದೊಡ್ಡವರ ಮೂಗಿಗೆ ನಾತ ಬಡಿದ ಮೇಲೆ ಬೇಗನೆ ಆಯಿತು. ಜೋಸೆಫ್ ಬ್ಯಾಜಲ್ಗೆಟ್ ಎಂಬ ಇಂಜಿನಿಯರನು ನದಿಯ ದಡದುದ್ದಕ್ಕೂ ನೆಲದೊಳಗೆ ದೊಡ್ಡ ಮೋರಿಗಳನ್ನು ಕಟ್ಟಿದನು. 1870ರಲ್ಲಿ ತೆರೆದ ವಿಕ್ಟೋರಿಯಾ ದಡದ ರಸ್ತೆಯೂ ಅದರ ಪಕ್ಕದ ತೋಟಗಳೂ ಹಾಗೆ ಹುಟ್ಟಿದುವು. ಕೆಳಗೆ ಮೋರಿ, ಮೇಲೆ ಹೂವು. ಮೊದಲು ಮೋರಿ, ಆಮೇಲೆ ತೋಟ. ಆದರೆ ಅವರೂ ಒಂದು ತಪ್ಪನ್ನು ಮಾಡಿದರು. ಕೊಳೆಯನ್ನು ಶುದ್ಧಮಾಡದೆ, ಪಟ್ಟಣದ ಕೆಳಗೆ ತಮ್ಮ ಕಣ್ಣಿಗೆ ಕಾಣದಷ್ಟು ದೂರ ಸಾಗಿಸಿ ಅದೇ ನದಿಗೆ ಬಿಟ್ಟರು. 1957ರಲ್ಲಿ ಥೇಮ್ಸಿನ ಕೆಲವು ಭಾಗಗಳಲ್ಲಿ ಜೀವವೇ ಇಲ್ಲವೆಂದು ವಿಜ್ಞಾನಿಗಳು ಹೇಳಬೇಕಾಯಿತು. ಕೊಳೆಯನ್ನು ಸರಿಯಾಗಿ ಶುದ್ಧಮಾಡಿ ಬಿಡುವುದನ್ನು ಕಲಿತ ಮೇಲೆಯೇ ಅದರಲ್ಲಿ ಮೀನುಗಳು ಮರಳಿ ಕಂಡುವು.

ಮಗುವು ಎಲ್ಲವನ್ನೂ ಕೇಳಿ, "ಹಾಗಾದರೆ ನಾವು ಈಗ ಪಾರ್ಕು ಮಾಡಿದರೆ ನಾತದ ಪಕ್ಕದಲ್ಲಿ ಹೂವು ಇಟ್ಟ ಹಾಗೆ ಆಗುತ್ತದೆ" ಎಂದಳು. ನನಗೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ. ಅವಳು ಬೆಂಗಳೂರಿನವಳು, ಮೈಸೂರು ರಸ್ತೆಯಲ್ಲಿ ಬರುವಾಗ ವೃಷಭಾವತಿಯನ್ನು ದಾಟಿಯೇ ಬರುತ್ತಾಳೆ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆಂದು ಜನರು ಹೇಳುವ ಆ ನದಿಯನ್ನು ಈಗ ಯಾರೂ ನದಿಯೆಂದು ಕರೆಯುವುದಿಲ್ಲ, ಮೋರಿಯೆಂದೇ ಕರೆಯುತ್ತಾರೆ. ಹೆಸರು ಹೋದ ಮೇಲೆ ಅದನ್ನು ಮರಳಿ ಪಡೆಯುವುದು ಬಹಳ ಕಷ್ಟ. ನಮ್ಮ ಹೊಳೆಗೆ ಇನ್ನೂ ಹೆಸರಿದೆ.

ನಾನು ಮಾಡಿದುದು ಅತ್ಯಲ್ಪ. ಅದನ್ನು ಹೇಳಿಕೊಳ್ಳಲು ಸಂಕೋಚವಾಗುವುದು. ಆದರೂ ಹೇಳದಿದ್ದರೆ ಈ ಲೇಖನವು ಬರಿಯ ಕೊರಗಾಗುವುದು. ಹಿತ್ತಲಿನ ಅರ್ಧ ಭಾಗದ ಸಿಮೆಂಟನ್ನು ಒಡೆಸಿದೆನು. ಜಲ್ಲಿ ಮರಳು ತುಂಬಿದ ಒಂದು ಇಂಗುಗುಂಡಿಯನ್ನು ಮಾಡಿಸಿ, ಅದರ ಸುತ್ತಲೂ ನಾಲ್ಕು ಬಾಳೆಯ ಕಂದುಗಳನ್ನು ನೆಡಿಸಿದೆನು. ಬಚ್ಚಲಿನ ಮತ್ತು ಅಡಿಗೆಮನೆಯ ನೀರು ಈಗ ಅಲ್ಲಿಗೆ ಹೋಗುತ್ತದೆ. ಶೌಚದ ಗುಂಡಿಯಿಂದ ಚರಂಡಿಗೆ ಹೋಗುತ್ತಿದ್ದ ಕೊಳವೆಯನ್ನು ಮುಚ್ಚಿಸಿ, ಗುಂಡಿಯನ್ನು ಕಾಲಕಾಲಕ್ಕೆ ಗಾಡಿಯವರಿಂದ ಖಾಲಿಮಾಡಿಸುವ ಏರ್ಪಾಡು ಮಾಡಿದೆನು. ಮಗನ ಕಾರು ಬೀದಿಯಲ್ಲಿ ನಿಲ್ಲುತ್ತದೆ. ಅವನು ಗೊಣಗಿದನು, ಆದರೆ ಮಗಳ ಮುಖವನ್ನು ನೋಡಿ ಸುಮ್ಮನಾದನು. ನಮ್ಮ ಬೀದಿಯಲ್ಲಿ ಎರಡು ಮನೆಯವರು ಬಂದು ನೋಡಿ ಹೋಗಿದ್ದಾರೆ. ಅವರಲ್ಲಿ ಒಬ್ಬರು ಗುಂಡಿಯನ್ನು ತೋಡಿಸಿದ್ದಾರೆ. ಇದರಿಂದ ಹೊಳೆಯು ಶುದ್ಧವಾಯಿತೆಂದು ಹೇಳುವಷ್ಟು ಹುಚ್ಚು ನನಗಿಲ್ಲ. ಇಡೀ ಊರಿನ ಕೊಳೆಯನ್ನು ತಡೆದು ಶುದ್ಧಮಾಡುವುದು ಊರೆಲ್ಲ ಕೂಡಿ, ಹಣವನ್ನು ಹಾಕಿ, ತಿಳಿದವರ ಕೈಯಿಂದ ಮಾಡಿಸಬೇಕಾದ ದೊಡ್ಡ ಕೆಲಸ. ಅದನ್ನು ಕೇಳಿ ಪಡೆಯುವ ಹಕ್ಕು ನಮಗಿದೆ. ಆದರೆ ನನ್ನ ಮನೆಯ ಕೊಳವೆಯು ಹೊಳೆಗೆ ಬೀಳುತ್ತಿರುವ ತನಕ ಆ ಹಕ್ಕನ್ನು ಗಟ್ಟಿಯಾಗಿ ಕೇಳಲು ನನ್ನ ಬಾಯಿಗೆ ಬಲವಿರಲಿಲ್ಲ. ಈಗ ಕೇಳಬಲ್ಲೆನು, ಕೇಳುತ್ತಲೂ ಇದ್ದೇನೆ.

ಪ್ರಿಯ ತಂಗಿಯರೇ, ನೀವು ರಜೆಯಲ್ಲಿ ರಮ್ಯ ಸ್ಥಳಗಳನ್ನು ನೋಡಲು ಅವಶ್ಯವಾಗಿ ಹೋಗಿರಿ. ಬೃಂದಾವನಕ್ಕೆ ಹೋಗಿರಿ, ದೀಪಗಳು ಹೊತ್ತಿದಾಗ ಕೂಗಿಕೊಳ್ಳಿರಿ. ಆದರೆ ಅದಕ್ಕೆ ಮುಂಚೆ ಒಂದು ದಿನ ನಿಮ್ಮ ಮನೆಯ ಬಚ್ಚಲಿನಿಂದ ಹೊರಟು, ನೀರು ಹೋಗುವ ದಾರಿಯನ್ನು ಹಿಡಿದು, ಅದು ಎಲ್ಲಿ ಮುಟ್ಟುವುದೋ ಅಲ್ಲಿಯ ತನಕ ನಡೆದು ನೋಡಿರಿ. ಭೂಗೋಳದ ಪಾಠಗಳಲ್ಲಿ ಅದರಷ್ಟು ಚೆನ್ನಾಗಿ ಮನಸ್ಸಿನಲ್ಲಿ ನಿಲ್ಲುವ ಪಾಠವನ್ನು ನಾನು ಕಾಣೆ.

ಬಾಳೆಯಲ್ಲಿ ಒಂದು ಈಗ ಗೊನೆಯನ್ನು ಬಿಟ್ಟಿದೆ. ದೊಡ್ಡಮ್ಮನವರು ಪ್ರತಿದಿನ ಸಂಜೆ ಹಿತ್ತಲಿನ ಕಟ್ಟೆಯ ಮೇಲೆ ಕುಳಿತು ಅದರ ಎಲೆಯನ್ನು ಕೈಯಿಂದ ತಡವುತ್ತಾರೆ. ಗಾಳಿ ಹೊಳೆಯ ಕಡೆಯಿಂದ ಬೀಸಿದಾಗ ಒಂದು ಕ್ಷಣ ಮುಖವನ್ನೆತ್ತಿ, ಆಘ್ರಾಣಿಸಿ, "ಇನ್ನೂ ಇದೆ" ಎನ್ನುತ್ತಾರೆ. "ಇದೆ, ದೊಡ್ಡಮ್ಮ" ಎಂದು ನಾನು ಹೇಳುತ್ತೇನೆ. ಈಗ ನಾನು ಅವರೊಡನೆ ಬಿಸಿಲಿನ ಮಾತನ್ನೂ ಕೆಸರಿನ ಮಾತನ್ನೂ ಆಡುವುದಿಲ್ಲ.